ಗೇಣು ಬೆಂಕಿಯ ತಾಮ್ರ

ನಮ್ಮೂರಿನಲ್ಲಿ ಬೆಂಕಿ ಗೇಣಿಗಿಂತ ಮೇಲೆ ಏಳುವುದಿಲ್ಲ. ಎಷ್ಟೇ ಸೌದೆ ಒಟ್ಟಿ, ಎಷ್ಟೇ ಎಣ್ಣೆ ಸುರಿಯಿರಿ, ಗಡಿಯ ಕರಿಕಲ್ಲು ದಾಟಿ ಊರೊಳಗೆ ಬಂದ ಮೇಲೆ ಅದು ಒಂದು ಗೇಣು ಎದ್ದು, ಸುತ್ತಲೂ ಒಮ್ಮೆ ನೋಡಿ, ಇಷ್ಟು ಸಾಕು ಅಂದುಕೊಂಡಂತೆ ಅಲ್ಲೇ ತೂಗುತ್ತ ನಿಲ್ಲುತ್ತದೆ. ಅನ್ನ ಬೇಯಿಸುತ್ತದೆ, ಅವಸರವಿಲ್ಲದೆ. ಒಗ್ಗರಣೆಗೆ ಸಾಸಿವೆ ಸಿಡಿಸುತ್ತದೆ. ತವರ ಕರಗಿಸುತ್ತದೆ. ತಾಮ್ರ ತಂದಿಟ್ಟರೆ ಮಾತ್ರ ಅದು ಕರಗುವುದು ಹಾಗಿರಲಿ, ನಾಚಿ ಕೆಂಪಗಾಗುವುದೂ ಇಲ್ಲ. ಹೀಗಾಗಿ ನಮ್ಮಲ್ಲಿ ಯಾರ ಮನೆಯೂ ಸುಟ್ಟದ್ದಿಲ್ಲ. ಸತ್ತವರನ್ನು ಎಲ್ಲ ಜಾತಿಯವರೂ ಮಣ್ಣಿಗೇ ಕೊಡುತ್ತೇವೆ. ಕೂಸುಗಳು ಒಲೆಯ ಮುಂದೆ ಅಂಗೈ ಚಾಚಿಕೊಂಡೇ ನಿದ್ದೆ ಹೋಗುತ್ತವೆ, ತಾಯಂದಿರು ತಿರುಗಿ ನೋಡುವುದಿಲ್ಲ. ಯಾರಾದರೂ ವಿಪರೀತ ಸಿಟ್ಟು ಮಾಡಿದರೆ, ಇವನೊಬ್ಬ ಹೊರಗಿನ ಬೆಂಕಿ ಎಂದು ನಕ್ಕು ಸುಮ್ಮನಾಗುತ್ತೇವೆ.

ಇನ್ನೊಂದು ಸಂಗತಿ. ಒಲೆ ಹೆಚ್ಚಿದರೆ ನಮ್ಮ ಬೆಂಕಿ ತನ್ನನ್ನು ಹಂಚಿಕೊಳ್ಳುತ್ತದೆ. ಮದುವೆಯ ಮನೆಯಲ್ಲಿ ಸಾಲಾಗಿ ಒಲೆ ಹೂಡಿದ ದಿನ ಉಳಿದವರ ಮನೆಯ ಉರಿ ಗೇಣಿನಿಂದ ಬೆರಳಿಗೆ ಇಳಿಯುತ್ತದೆ. ಅದಕ್ಕೇ ಆ ದಿನ ಓಣಿಯವರು ಒಲೆ ಹಚ್ಚದೆ ಅಲ್ಲಿಗೇ ಉಣ್ಣಲು ಹೋಗುತ್ತಾರೆ. ಕರೆಯದಿದ್ದರೂ ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಗ್ಯಾಸ್ ಸಿಲಿಂಡರು ಊರಿಗೆ ಬಂದಾಗ ಜನ ಇನ್ನೇನು ಎಲ್ಲ ಬದಲಾಗುತ್ತದೆ ಅಂದುಕೊಂಡರು. ಒಂದು ವಾರ ಅದು ಜಂಬ ಮಾಡಿತು, ಆಮೇಲೆ ಅದರ ನೀಲಿ ಉರಿಯೂ ಊರಿನ ಗುಣ ಕಲಿಯಿತು.

ಹಿರಿಯರು ಬೆಂಕಿಯನ್ನು ಅತಿಥಿ ಅನ್ನುತ್ತಿದ್ದರು. ಎಲ್ಲೆಲ್ಲೋ ಉರಿದು ದಣಿದು, ಕರಿಕಲ್ಲಿನ ಹತ್ತಿರ ಸಿಟ್ಟನ್ನು ಗಂಟು ಕಟ್ಟಿ ಇಳಿಸಿ, ಬರಿಗೈಯಲ್ಲಿ ಒಳಗೆ ಬಂದ ಅತಿಥಿ. ಆದ್ದರಿಂದ ಅವನ ಮುಖ ಮುಚ್ಚಬಾರದು. ಕೆಂಡದ ಮೇಲೆ ಏನನ್ನೂ ಬೋರಲು ಹಾಕುವಂತಿಲ್ಲ, ಬಾಯಿ ಮುಚ್ಚಿದ ಭಟ್ಟಿ ಹೂಡುವಂತಿಲ್ಲ, ದೀಪವನ್ನು ಊದಿ ಆರಿಸುವಂತಿಲ್ಲ. ಈ ಕಟ್ಟಳೆಯನ್ನು ಕಾಯುವುದು ನಮ್ಮ ಮನೆತನದ ಪಾಲಿಗೆ ಬಂದದ್ದು. ನಾನು ಕಂಚಗಾರರ ಮೋನಪ್ಪ. ಹೆಸರಿಗೆ ಕಂಚಗಾರ, ಮಾಡುವುದು ಕಲಾಯಿ. ಬೇರೆ ಊರಿನಿಂದ ಬಂದ ತಾಮ್ರದ ಪಾತ್ರೆಗೆ ಹುಣಸೆಹಣ್ಣು ತಿಕ್ಕಿ, ನವಸಾಗರ ಉದುರಿಸಿ, ತವರ ಸವರಿ ಬೆಳ್ಳಗೆ ಮಾಡಿ ಕೊಡುವುದು. ನನ್ನ ಅಜ್ಜ ಹೇಳುತ್ತಿದ್ದ: ನಮ್ಮ ಬೆಂಕಿಗೆ ತವರ ಸೋಲುತ್ತದೆ, ತಾಮ್ರ ನಗುತ್ತದೆ. ಈ ಮಾತನ್ನು ಅವನು ಬೇಸರದಿಂದ ಹೇಳಿದ್ದನ್ನು ನಾನು ಕಂಡಿಲ್ಲ. ಬೆಳಿಗ್ಗೆ ಎದ್ದು ಕುಲುಮೆಗೆ ಎರಡು ಕಾಳು ಅಕ್ಕಿ ಹಾಕಿ, ಬಾ ಅಪ್ಪಾ ಎಂದು ಕೈ ಮುಗಿಯುತ್ತಿದ್ದ. ನಾನೂ ಹಾಗೆಯೇ ಮಾಡುತ್ತ ಬಂದೆ.

ಊರ ನಡುವೆ ಹಿಂದಿನ ಶರಣ ಹಿರಿಯಪ್ಪನ ದಾಸೋಹವಿದೆ. ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಹೊತ್ತು ನೆತ್ತಿಗೆ ಬರುವ ಮೊದಲು ಬಾಗಿಲಿಗೆ ಬಂದರೆ ಅನ್ನವಿಲ್ಲದೆ ಕಳಿಸಬಾರದು ಎಂಬುದು ಅಲ್ಲಿಯ ನೇಮ. ಅಡುಗೆಯ ಸೇವೆ ಅಡವೆವ್ವನದು. ತೆಳ್ಳಗಿನ ಎತ್ತರದ ಮುದುಕಿ, ಸೌಟು ಹಿಡಿದರೆ ಅದು ಅವಳ ಕೈಯ ಮುಂದುವರಿದ ಭಾಗದಂತೆ ಕಾಣುತ್ತಿತ್ತು. ಆ ದಾಸೋಹದ ದೊಡ್ಡ ಹೆಮ್ಮೆ ಅಂದರೆ ಪಡಸಾಲೆಯ ಪರದೆ. ಅತಿಥಿಗಳಿಗೆ ಬಡಿಸಿದ ಮೇಲೆ ಪರದೆ ಎಳೆದುಬಿಡುತ್ತಾರೆ. ಹಸಿದವನು ಎಷ್ಟು ತುತ್ತು ತಿಂದ, ಹೇಗೆ ತಿಂದ ಎಂಬುದನ್ನು ಯಾರೂ ನೋಡಬಾರದು. ಇನ್ನಷ್ಟು ಬೇಕಾದವರು ಬಾಯಿ ಬಿಟ್ಟು ಕೇಳಬೇಕಿಲ್ಲ; ತಾಟನ್ನು ಪರದೆಯ ಕೆಳಗಿನಿಂದ ಈಚೆಗೆ ಸರಿಸಿದರೆ ಸಾಕು. ಅಡವೆವ್ವ ತಾಟು ನೋಡುತ್ತಿದ್ದಳು, ಅದನ್ನು ಸರಿಸಿದ ಕೈಯನ್ನು ನೋಡುತ್ತಿರಲಿಲ್ಲ. ಕೊನೆಯ ಅತಿಥಿ ಎದ್ದ ಮೇಲೆ ಅವಳ ಊಟ. ಯಾರಾದರೂ ಒಬ್ಬರು ಉಣ್ಣದೆ ಹೋದರೆ ಆ ದಿನ ಅವಳಿಗೂ ಅನ್ನವಿಲ್ಲ. ಇದು ಅವಳು ಸೇವೆಗೆ ನಿಂತ ದಿನ ಹಿರಿಯಪ್ಪನ ಗದ್ದುಗೆ ಮುಟ್ಟಿ ಹಿಡಿದ ವ್ರತ.

ಹೊಸ ದಾರಿ ಆಗುವವರೆಗೂ ವ್ರತ ಹಗುರವಾಗಿಯೇ ಇತ್ತು. ದಾರಿ ಆದ ಮೇಲೆ ಲಾರಿಯವರು, ಕುರಿಯವರು, ಬೆಟ್ಟದ ಕಡೆ ನಡೆದು ಹೋಗುವ ಯಾತ್ರೆಯವರು, ಎಲ್ಲರೂ ಬರತೊಡಗಿದರು. ಬೆಂಕಿ ಮಾತ್ರ ಅದೇ ಗೇಣು. ನಸುಕಿನಲ್ಲೇ ಹಂಡೆಗೆ ನೀರಿಟ್ಟರೂ ಎಸರು ಕುದಿಯುವಷ್ಟರಲ್ಲಿ ಅರ್ಧ ಹಗಲು. ಒಲೆ ಹೆಚ್ಚು ಮಾಡೋಣವೆಂದರೆ ಊರವರ ಮನೆಯ ಉರಿ ಕುಗ್ಗುತ್ತದೆ, ಅಲ್ಲಿ ಮಕ್ಕಳು ಅಳುತ್ತವೆ. ಪಂಕ್ತಿ ಕಾದು ಕಾದು, ಹೊತ್ತಾಯಿತೆಂದು ಜನ ಎದ್ದು ಹೋಗತೊಡಗಿದರು. ಅವರು ಹೋದ ದಿನವೆಲ್ಲ ಅಡವೆವ್ವ ಉಪವಾಸ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ. ಅವಳ ಬಳೆಗಳು ಮೊಣಕೈಯವರೆಗೆ ಜಾರುವುದನ್ನು ಊರೆಲ್ಲ ನೋಡಿತು. ಅನ್ನ ಇಟ್ಟು ಬೇಡಿಕೊಂಡವರಿಗೆ ಅವಳು ಹೇಳುತ್ತಿದ್ದುದು ಒಂದೇ, ನಾನು ಉಂಡರೆ ಅವರ ಹಸಿವು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು.

ದಾಸೋಹದ ಹಿರಿಯ ಚನ್ನವೀರಪ್ಪ ಕಟುಕನಲ್ಲ. ಒಂದು ದಿನ ನಮ್ಮನ್ನೆಲ್ಲ ಕಟ್ಟೆಗೆ ಕರೆಸಿ, ದವನದ ಹುಣ್ಣಿಮೆಗೆ ಯಾತ್ರೆಯ ಜನ ಸಾಲುಗಟ್ಟಿ ಬರುತ್ತಾರೆ, ಅವತ್ತು ಎಲ್ಲರಿಗೂ ಹೊತ್ತಿಗೆ ಅನ್ನ ಹಾಕಲು ಆಗದಿದ್ದರೆ ಬಾಗಿಲು ಮುಚ್ಚಿಬಿಡೋಣ ಅಂದ. ಬಾಗಿಲು ಮುಚ್ಚಿದರೆ ಬರುವವರಿಲ್ಲ, ಬರುವವರಿಲ್ಲದಿದ್ದರೆ ಉಣ್ಣದೆ ಹೋಗುವವರೂ ಇಲ್ಲ, ಮುದುಕಿ ಬದುಕುತ್ತಾಳೆ. ಲೆಕ್ಕ ಸರಿಯಾಗಿತ್ತು. ಅಡವೆವ್ವ ಒಳಗಿನಿಂದಲೇ ಕೇಳಿಸಿಕೊಂಡು, ‘ಬಾಗಿಲಾ ಮುಚ್ಚಿದ ಮ್ಯಾಲ ನಾ ಬದುಕಿ ಯಾರಿಗೆ ಬಡಸ್ಲಿ ಚನ್ನವೀರಾ?’ ಎಂದಳು. ಅವನು ತಲೆಯ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಹಂಡೆಯ ಹೊಟ್ಟೆಯನ್ನು ನನ್ನಷ್ಟು ಬಲ್ಲವರು ಊರಲ್ಲಿ ಕಡಿಮೆ; ಅದರೊಳಗೆ ಇಳಿದು ಕಲಾಯಿ ಹಾಕಿದವನು ನಾನು. ಉರಿಯ ಬಿಸಿ ಹಂಡೆಯ ತಳ ಮುಟ್ಟಿ ಪಕ್ಕದಿಂದ ಜಾರಿ ಹೋಗುತ್ತದೆ, ನೀರಿಗೆ ಸಿಗುವುದು ಎಂಜಲು ಬಿಸಿ ಮಾತ್ರ. ಕೆರೆಯಲ್ಲಿ ಮೈ ತೊಳೆಯುವಾಗ ಒಂದು ತಾವರೆಯ ದಂಟು ಮುರಿದು ನೋಡುತ್ತ ಕುಳಿತೆ. ಒಳಗೆಲ್ಲ ಉದ್ದುದ್ದ ತೂತು, ನಡುವೆ ಎಲೆಯಷ್ಟು ತೆಳುವಾದ ಗೋಡೆ. ಹಂಡೆಯ ತಳದಲ್ಲಿ, ಎದೆಯೊಳಗಿನ ಗುಂಡಿಗೆಯಂತೆ, ಇಂಥದೊಂದು ತಾಮ್ರದ ಗುಂಡಿಗೆ ಕೂರಿಸಿದರೆ? ತೆಂಗಿನಕಾಯಿ ಗಾತ್ರದ್ದು ಸಾಕು. ಅರ್ಧ ತೂತುಗಳಲ್ಲಿ ಬೆಂಕಿಯ ಉಸಿರು ಮೇಲೇರಿ ನಡುವಿನ ಕೊಳವೆಯಿಂದ ಆಚೆ ಹೋಗಲಿ, ಇನ್ನರ್ಧದಲ್ಲಿ ನೀರು ಸುತ್ತಲಿ, ಒಂದನ್ನೊಂದು ಮುಟ್ಟದೆ, ಆದರೆ ಒಂದರ ಬೆನ್ನಿಗೆ ಒಂದು. ಗೇಣು ಬೆಂಕಿಯ ಎಲ್ಲ ಬಿಸಿಯೂ ನೀರಿಗೇ ಸಲ್ಲುತ್ತದೆ. ಇದನ್ನು ಹೇಳಿಕೊಂಡು ಹೊರಗಿನ ಊರುಗಳಿಗೆ ಹೋದೆ. ಎರಕದವರು ಇಷ್ಟು ಸಣ್ಣ ಸುತ್ತುದಾರಿಗೆ ಅಚ್ಚು ಹಿಡಿಯುವುದಿಲ್ಲ ಅಂದರು. ಬೆಳಕಿನಿಂದ ಲೋಹದ ಪುಡಿ ಕರಗಿಸಿ ಪದರ ಪದರವಾಗಿ ಕಟ್ಟುವ ಯಂತ್ರ ಇಟ್ಟವರೊಬ್ಬರು, ತಾಮ್ರ ನಮ್ಮ ಬೆಳಕಿಗೆ ಕನ್ನಡಿ ಹಿಡಿದು ವಾಪಸು ಕಳಿಸುತ್ತದೆ ಅಂದರು. ಅಲ್ಲಿಯೂ ತಾಮ್ರ ನಕ್ಕಿತ್ತು. ತಿರುಗಿ ಬಂದೆ.

ಬಂದ ವಾರದಲ್ಲಿ ಶಹನಾಜ್ ಅಕ್ಕಾವ್ರು ಒಂದು ದೊಡ್ಡ ಅಡುಗೆಯ ಡೇಗೆಗೆ ಕಲಾಯಿ ಹಾಕಿಸಲು ಬಂದರು. ಅವರು ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಬಹಳ ಓದಿದವರು, ಹೊರಗಿನಿಂದ ಬಂದು ಇಲ್ಲಿಯವರೇ ಆದವರು. ಅವತ್ತು ನನ್ನ ಅಳಲನ್ನೆಲ್ಲ ಕೇಳಿಸಿಕೊಂಡು ಹೋದರು. ಮರುದಿನ ಎರಡು ತಾಮ್ರದ ಬಿಲ್ಲೆ ಮತ್ತು ಒಂದು ಚಿಕ್ಕ ಸೀಸೆ ತಂದರು. ಸೀಸೆಯೊಳಗೆ ರಾಗಿ ಅಂಬಲಿಯಂಥ ಕೆಂಗಂದು ಸರಿ. ಅದನ್ನು ಒಂದು ಬಿಲ್ಲೆಗೆ ಸವರಿ, ಮೇಲೆ ಇನ್ನೊಂದನ್ನು ಒತ್ತಿ, ಇಕ್ಕಳದಲ್ಲಿ ಬಿಗಿಹಿಡಿದು ನನ್ನ ಉರಿಯ ಮೇಲೆ ಇಡಲು ಹೇಳಿದರು. ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು. ಆರಿದ ಮೇಲೆ ಬಿಡಿಸಿ ನೋಡಿ ಅಂದರು. ಬಿಡಿಸಲು ನೋಡಿದೆ. ಇಕ್ಕಳ ಹಾಕಿದೆ, ಉಳಿ ಹಾಕಿದೆ. ಬರಲಿಲ್ಲ. ತವರದ ಬೆಸುಗೆಯೇ ಇರಬೇಕೆಂದು ಮತ್ತೆ ಕಾಯಿಸಿದೆ, ಆಗಲೂ ಬರಲಿಲ್ಲ. ನಮ್ಮ ಗೇಣು ಬೆಂಕಿಯಲ್ಲಿ ತಾಮ್ರ ತಾಮ್ರವನ್ನು ಹಿಡಿದುಕೊಂಡಿತ್ತು. ನಾನು ಕುಲುಮೆಯ ಮುಂದೆ ಕುಕ್ಕರಿಸಿದೆ. ಅಜ್ಜನ ನೆನಪಾಗಿ ಕಣ್ಣು ತುಂಬಿತು.

ಅಕ್ಕಾವ್ರು ಬಿಡಿಸಿ ಹೇಳಿದರು. ಗಟ್ಟಿ ತಾಮ್ರ ತನ್ನೊಳಗೆ ತಾನು ತುಂಬಿಕೊಂಡು ಕುಳಿತಿರುತ್ತದೆ, ಅದನ್ನು ಅಲುಗಿಸಲು ದೊಡ್ಡ ಕುಲುಮೆ ಬೇಕು. ಅದನ್ನೇ ಕಣ್ಣಿಗೆ ಕಾಣದಷ್ಟು, ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೂ ಅದಕ್ಕಿಂತ ಸಣ್ಣ ಕಾಳು ಮಾಡಿದರೆ ಆ ಕಾಳಿಗೆ ಒಳಗೆ ಅನ್ನುವುದೇ ಇರುವುದಿಲ್ಲ, ಮೈಯೆಲ್ಲ ಹೊರಗೇ. ಅಡಗಲು ಜಾಗವಿಲ್ಲದೆ ಪಕ್ಕದ ಕಾಳಿನ ಕೈ ಹಿಡಿಯಲು ಹಪಹಪಿಸುತ್ತದೆ. ಅದಕ್ಕೆ ಸ್ವಲ್ಪ ಬಿಸಿ ಸಾಕು, ಕರಗಬೇಕಾಗಿಲ್ಲ. ಇದನ್ನು ಕೇಳಿ ನನಗೆ ಅನ್ನಿಸಿತು: ಮನುಷ್ಯನ ಕತೆಯೂ ಅದೇ ಅಲ್ಲವೇ? ನಾನು ನಾನು ಎಂದು ಗಟ್ಟಿಯಾಗಿ ಕುಳಿತವನನ್ನು ಕರಗಿಸಲು ಎಂಥ ಬೆಂಕಿಯೂ ಸಾಲದು. ಪುಡಿಯಾದವನಿಗೆ ಒಂದು ಬೆಚ್ಚನೆಯ ಮಾತು ಸಾಕು.

ಆ ಸಣ್ಣ ಕಾಳನ್ನು ಮಾಡುವ ಕೆಲಸ ನಮ್ಮ ಬೆಂಕಿಗೆ ಹೇಳಿ ಮಾಡಿಸಿದಂತಿತ್ತು. ದ್ರಾಕ್ಷಿ ತೋಟಕ್ಕೆ ಹೊಡೆಯುವ, ತಾಮ್ರವನ್ನು ಒಳಗಿಟ್ಟುಕೊಂಡ ಮೈಲುತುತ್ತವನ್ನು ನೀರಿನಲ್ಲಿ ಕದಡಿ, ಜಾಲಿಯ ಅಂಟು ಬೆರೆಸಿ, ನೆಲ್ಲಿಕಾಯಿಯ ರಸ ಹಿಂಡಿ, ಕುದಿಯಗೊಡದೆ ಬೆಚ್ಚಗೆ ಇಡಬೇಕು. ಹೊರಗಿನ ಬೆಂಕಿಯಾದರೆ ಕಣ್ಣು ತಪ್ಪಿಸಿ ಉಕ್ಕಿಸಿಬಿಡುತ್ತಿತ್ತು. ನಮ್ಮದು ಗೇಣು ಎದ್ದು ಕಾಯುತ್ತ ಕುಳಿತಿತು. ನೀಲಿ ನೀರು ಹಸಿರಾಯಿತು, ಹಸಿರು ಅರಿಶಿನವಾಯಿತು, ನೋಡನೋಡುತ್ತ ಕುಂಕುಮದ ಕಡೆ ತಿರುಗಿ ಕೊನೆಗೆ ಕೆಂಗಂದಾಯಿತು. ನೆಲ್ಲಿಯ ಹುಳಿ ತಾಮ್ರವನ್ನು ನೀರಿನಿಂದ ಬಿಡಿಸಿ ತರುತ್ತದೆ, ಅಂಟು ಪ್ರತಿ ಕಾಳಿಗೂ ಅಂಗಿ ತೊಡಿಸಿ ಒಂದಕ್ಕೊಂದು ಈಗಲೇ ಅಂಟದಂತೆ ಕಾಯುತ್ತದೆ ಎಂದು ಅಕ್ಕಾವ್ರು ಹೇಳಿದರು. ಊರ ಹೆಂಗಸರು ಉಪ್ಪಿನಕಾಯಿಗೆಂದು ಇಟ್ಟಿದ್ದ ನೆಲ್ಲಿಯನ್ನೆಲ್ಲ ತಂದು ಸುರಿದರು. ತಳಕ್ಕಿಳಿದ ಕಾಳನ್ನು ಬಸಿದು ಗಟ್ಟಿ ಸರಿ ಮಾಡಿಕೊಂಡೆವು.

ಇನ್ನು ಕಟ್ಟುವ ಕೆಲಸ. ಅಕ್ಕಾವ್ರು ಓದಿದ ಕಾಲೇಜಿನವರು ಮೂಲೆಗೆ ಹಾಕಿದ್ದ ಒಂದು ಮೇಜಿನ ಯಂತ್ರವನ್ನು ತರಿಸಿದರು. ಪ್ಲಾಸ್ಟಿಕ್ ಎಳೆಯಿಂದ ಗೊಂಬೆ ಕಟ್ಟುತ್ತಿದ್ದ ಯಂತ್ರವಂತೆ. ಅದರ ಬಾಯಿ ತೆಗೆದು, ದನದ ಡಾಕ್ಟರು ಕೊಟ್ಟ ದಪ್ಪ ಸಿರಿಂಜು ಕೂರಿಸಿದೆವು. ನಾನು ಅದಕ್ಕೆ ಹಿತ್ತಾಳೆಯ ಸೂಜಿಬಾಯಿ ಮಾಡಿ ಕೊಟ್ಟೆ. ಯಂತ್ರ ದಾಸೋಹದ ಪಡಸಾಲೆಯಲ್ಲೇ ಕುಳಿತು, ಯಾರೋ ಕಾಣದ ಹೆಂಗಸು ರಂಗೋಲಿ ಎಳೆಯುತ್ತಿರುವಂತೆ ಕೆಂಗಂದು ಎಳೆಯನ್ನು ಸುತ್ತಿ ಸುತ್ತಿ ಬಿಡಿಸಿತು. ಒಂದು ರಂಗೋಲಿ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಈರುಳ್ಳಿ ಸಿಪ್ಪೆಯಷ್ಟು ತೆಳು ಪದರ. ಬೆಂದಾಗ ಕಾಳುಗಳು ಹತ್ತಿರ ಸರಿದು ಒಟ್ಟು ಕುಗ್ಗುತ್ತದೆಂದು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕಟ್ಟಿದೆವು. ಪಂಕ್ತಿಗೆ ಕಾದು ಕುಳಿತವರಿಗೆಲ್ಲ ಅದೇ ಆಟ. ಲಾರಿಯವನೊಬ್ಬ, ‘ಅಲ್ಲ ಕಾಕಾ, ಚಕ್ಕುಲಿ ಒತ್ತೋದೇ ಆತು, ಕರಿಯೋದು ಯಾವಾಗ?’ ಎಂದು ಕೇಳಿದ. ಅಡವೆವ್ವ ಒಲೆಯ ಹತ್ತಿರದಿಂದಲೇ, ಕರಿಯಲು ಹೊರಟವರಿಗೆ ಎಣ್ಣೆ ಕಾಯುವ ತಾಳ್ಮೆ ಇರಬೇಕಪ್ಪ ಎಂದು ಅವನ ಬಾಯಿ ಮುಚ್ಚಿಸಿದಳು.

ಮೊದಲ ಗುಂಡಿಗೆಯನ್ನು ಕುಲುಮೆಯ ಉರಿಯ ಮೇಲೆ ಜಾಲರಿ ಇಟ್ಟು ಬೇಯಿಸಿದೆ. ಊರೆಲ್ಲ ಸೇರಿತ್ತು. ಅದು ಕೆಂಪಾಗುವ ಬದಲು ಕಪ್ಪಾಯಿತು. ಮುಟ್ಟಿದರೆ ಸೀದ ರೊಟ್ಟಿಯಂತೆ ಉದುರಿತು. ಇನ್ನೊಂದು ಕಟ್ಟಿದೆವು, ಉರಿ ಇನ್ನೂ ಸಣ್ಣಗೆ ಮಾಡಿದೆ, ಅದೂ ಕಪ್ಪು. ಅತಿಥಿಗೆ ಇಷ್ಟವಿಲ್ಲದ ಕೆಲಸಕ್ಕೆ ಕೈ ಹಾಕಿದಿರಿ ಎಂದು ಕೆಲವರು ಮೆಲ್ಲಗೆ ಆಡಿಕೊಂಡರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಅಕ್ಕಾವ್ರು ಆ ಕರಿ ಪುಡಿಯನ್ನು ಬೆರಳಲ್ಲಿ ಉಜ್ಜಿ, ಇದು ಗಾಳಿಯ ಕೆಲಸ ಅಂದರು. ಕಾಳು ಸಣ್ಣದಾದಷ್ಟೂ ಗಾಳಿಗೆ ರುಚಿ ಹೆಚ್ಚು. ಒಂದರ ಕೈ ಇನ್ನೊಂದು ಹಿಡಿಯುವ ಮೊದಲೇ ಗಾಳಿ ತಿಂದುಹಾಕುತ್ತದೆ. ಬಿಲ್ಲೆಗಳ ನಡುವೆ ಗಾಳಿಗೆ ದಾರಿಯಿರಲಿಲ್ಲ, ಅದಕ್ಕೇ ಅವತ್ತು ಹಿಡಿದುಕೊಂಡಿತ್ತು. ಗಡಿಗೆಯಲ್ಲಿ ಇದ್ದಿಲ ಪುಡಿ ತುಂಬಿ, ನಡುವೆ ಗುಂಡಿಗೆ ಹೂತು, ಮೇಲೆ ನಾಲ್ಕು ಕೆಂಡ ಇಟ್ಟು, ಬಾಯಿ ಮುಚ್ಚಿ ಮಣ್ಣು ಮೆತ್ತಬೇಕು. ಒಳಗಿನ ಕೆಂಡ ಇದ್ದ ಗಾಳಿಯನ್ನೆಲ್ಲ ತಿಂದು ಮುಗಿಸುತ್ತದೆ, ಆಮೇಲೆ ಹೊರಗಿನ ಉರಿ ಮೆಲ್ಲಗೆ ಬೇಯಿಸುತ್ತದೆ.

ಕೆಂಡದ ಮೇಲೆ ಮುಚ್ಚಳ. ನಾನು ಎದ್ದು ನಿಂತೆ. ಅದು ಆಗದ ಮಾತು ಅಂದೆ. ನಮ್ಮ ಮನೆತನ ಇರುವುದೇ ಅದನ್ನು ಆಗಗೊಡದಿರಲು. ಅಕ್ಕಾವ್ರು ವಾದ ಮಾಡಲಿಲ್ಲ. ‘ನಿಮ್ಮ ಕಟ್ಟಳೆ ಮುರೀರಿ ಅಂತ ನಾ ಹೇಳಾಂಗಿಲ್ರಿ ಮೋನಪ್ಪನವ್ರ. ನನಗ ಗೊತ್ತಿದ್ದ ದಾರಿ ಇದೊಂದ,’ ಎಂದು ಸೆರಗಿಗೆ ಕೈ ಒರೆಸಿಕೊಂಡು ಹೋದರು. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಎರಡು ದಿನ ಕುಲುಮೆಯ ಮುಂದೆ ಕುಳಿತು ಉರಿಯನ್ನೇ ನೋಡಿದೆ. ಕೇಳದೆ ಉತ್ತರ ಕೊಡುವ ಅತಿಥಿ ಅದಲ್ಲ, ಏನು ಕೇಳಬೇಕೆಂದು ನನಗೆ ತಿಳಿದಿರಲಿಲ್ಲ.

ಮೂರನೆಯ ದಿನ ಅಡವೆವ್ವ ಒಲೆಯ ಮುಂದೆ ಬಿದ್ದಳೆಂದು ಸುದ್ದಿ ಬಂತು. ಓಡಿದೆ. ಅಕ್ಕಿಚೀಲಕ್ಕೆ ಒರಗಿಸಿ ಕೂರಿಸಿದ್ದರು. ಅವತ್ತಿನ ಪಂಕ್ತಿ ಆಗಷ್ಟೇ ಕುಳಿತಿತ್ತು, ಪರದೆ ಎಳೆದಿದ್ದರು, ಅದರ ಹಿಂದಿನಿಂದ ಉಣ್ಣುವ ಸಪ್ಪಳ. ಅವಳು ಕಣ್ಣು ಮುಚ್ಚಿ ಆ ಸಪ್ಪಳವನ್ನೇ ಕುಡಿಯುತ್ತಿದ್ದಂತೆ ಕಂಡಳು. ಅಷ್ಟರಲ್ಲೇ ಮೂವರು ಕುರಿಯವರು ಕಾದು ಬೇಸತ್ತು ಎದ್ದು ಹೋಗಿದ್ದರಂತೆ, ಆದ್ದರಿಂದ ನೀರಿನ ಹೊರತು ಏನೂ ಮುಟ್ಟುವಂತಿಲ್ಲ. ನಾನು ಪಕ್ಕದಲ್ಲಿ ಕುಳಿತು, ತಾಯಿಯ ಮುಂದೆ ಹೇಳಿಕೊಳ್ಳುವಂತೆ ಎಲ್ಲ ಹೇಳಿಕೊಂಡೆ. ಕಪ್ಪಾದದ್ದು, ಗಡಿಗೆಯ ಮಾತು, ಮುಚ್ಚಳದ ಮಾತು. ಅವಳು ಕಣ್ಣು ತೆರೆಯದೆ ಕೇಳಿದಳು:

‘ಗಡಿಗಿ ಒಳಗ ಆ ಕೆಂಡ ಏನ ಮಾಡ್ತೈತೋ ತಮ್ಮಾ?’

‘ಗಾಳಿ ತಿಂತೈತಂತ ಎವ್ವಾ.’

‘ಅಂದ್ರ ಉಣ್ಣಾಕ ಕುಂತೈತಿ.’

‘ಹೂಂ.’

ಅವಳು ಕೈ ಎತ್ತಿ ಪರದೆಯನ್ನು ತೋರಿಸಿದಳು. ಬಳೆ ಮೊಣಕೈಗೆ ಜಾರಿತು. ‘ಅದರ ಹಿಂದ ಕುಂತವರ ಮುಖಾ ನಾ ಮುಚ್ಚೀನೇನು? ಉಣ್ಣೋ ಅತಿಥಿ ಮುಂದ ಪರದೆ ಎಳಿಯೋದು ಮರ್ಯಾದಿ. ಎಳೀದ ಅವನ ಬಾಯಿ ನೋಡಕೋತ ಕುಂದರ್ತೀಯಲ್ಲ, ಅದು ತಪ್ಪು.’

ಪರದೆಯ ಕೆಳಗಿನಿಂದ ಒಂದು ತಾಟು ಈಚೆಗೆ ಸರಿದು ಬಂತು. ಅಡವೆವ್ವ ಏಳಲು ಹೋದಳು, ಆಗಲಿಲ್ಲ. ನಾನೇ ಎದ್ದು ಅನ್ನ ಹಾಕಿದೆ. ಆ ತಾಟು ಹಿಂದಕ್ಕೆ ಹೋಗುವುದನ್ನು ನೋಡುತ್ತ ನಿಂತವನಿಗೆ, ಎಷ್ಟೋ ತಲೆಮಾರಿನ ಕಟ್ಟಳೆ ಮುರಿಯದೆಯೇ ಮಡಿಕೆ ಬಿಚ್ಚಿಕೊಂಡು ದೊಡ್ಡದಾದಂತೆ ಅನ್ನಿಸಿತು. ಅಲ್ಲಿಂದ ನೇರವಾಗಿ ಅಕ್ಕಾವ್ರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, ಗಡಿಗೆ ಎಷ್ಟು ದೊಡ್ಡದು ಬೇಕು ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಒಳಗೆ ಹೋಗಿ ನೀರು ತಂದು ಕೊಟ್ಟರು.

ಮೂರನೆಯ ಗುಂಡಿಗೆಯನ್ನು ಯಂತ್ರ ಕಟ್ಟಿ ಮುಗಿಸಿದ್ದು ಹುಣ್ಣಿಮೆಯ ವಾರದಲ್ಲಿ. ಮತ್ತೊಂದು ಕಟ್ಟಲು ಹೊತ್ತೂ ಇರಲಿಲ್ಲ, ನೆಲ್ಲಿಕಾಯಿಯೂ ಇರಲಿಲ್ಲ. ಗಡಿಗೆಗೆ ಇದ್ದಿಲ ಪುಡಿ ತುಂಬಿ, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ಅದನ್ನು ಹೂತೆ. ಕೆಂಡ ಇಟ್ಟು, ಎರಡು ಕಾಳು ಅಕ್ಕಿ ಹಾಕಿ, ಊಟಕ್ಕೆ ಕೂರಪ್ಪಾ ಎಂದು ಕೈ ಮುಗಿದೆ. ಮುಚ್ಚಳ ಇಟ್ಟ ಮೇಲೆ ಅಡವೆವ್ವ ಕಳಿಸಿದ್ದ ಹಳೆಯ ಪರದೆಯ ತುಂಡನ್ನು ಕೆಸರಿನಲ್ಲಿ ಅದ್ದಿ ಗಡಿಗೆಯ ಬಾಯಿಗೆ ಸುತ್ತಿದೆ. ಆಗ ಅಕ್ಕಾವ್ರು ಒಂದು ಮಾತು ಅಂದರು: ಊರಲ್ಲಿ ಇಷ್ಟು ಒಲೆ ಉರಿಯುತ್ತಿದ್ದರೆ ಇಲ್ಲಿಗೆ ಬೇಕಾದಷ್ಟು ಬಿಸಿ ಸಿಗಲಿಕ್ಕಿಲ್ಲ. ಅದನ್ನು ಕೇಳಿದ ಚನ್ನವೀರಪ್ಪ ಪಟಗ ಸುತ್ತಿಕೊಂಡು ಹೊರಟ. ಒಂದೊಂದು ಮನೆಯ ಮುಂದೆಯೂ ನಿಂತು ಏನು ಹೇಳಿದನೋ, ಹೊತ್ತು ಏರುವಷ್ಟರಲ್ಲಿ ಊರಿನ ಯಾವ ಮಾಡಿನಿಂದಲೂ ಹೊಗೆ ಏಳಲಿಲ್ಲ. ಅವತ್ತು ದಾಸೋಹದ ಪಂಕ್ತಿಯೂ ಸೇರಿ ಊರೆಲ್ಲ ಅವಲಕ್ಕಿ ನೆನೆಸಿ ತಿಂದಿತು. ನನ್ನ ಕುಲುಮೆಯ ಉರಿ ತುಂಬು ಗೇಣು ಎದ್ದು, ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಂತೆ ನಿಂತಿತು. ನಾನು ಅದರ ಕಡೆ ನೋಡಲಿಲ್ಲ. ಉಣ್ಣುವವರನ್ನು ನೋಡಬಾರದು. ಬಾಗಿಲಿಗೆ ಬೆನ್ನು ಹಾಕಿ ಸಂಜೆಯವರೆಗೆ ಜಪ ಮಾಡಿದೆ.

ಗಡಿಗೆ ಪೂರ್ತಿ ತಣ್ಣಗಾಗುವವರೆಗೆ ಬಿಚ್ಚಬಾರದೆಂದು ಅಕ್ಕಾವ್ರು ಕಟ್ಟುನಿಟ್ಟಾಗಿ ಹೇಳಿದ್ದರು. ಬೆಳಿಗ್ಗೆ ಬಂದು ನೋಡಿದರೆ ಕುಲುಮೆಯ ಮುಂದೆ ಕಾಲಿಡಲು ಜಾಗವಿಲ್ಲ. ಒಣಗಿದ ಬಟ್ಟೆ ಬಿಡಿಸಿದೆ. ಮುಚ್ಚಳ ಎತ್ತಿದೆ. ಒಳಗೆ ಕಪ್ಪು, ಬರೀ ಕಪ್ಪು. ಯಾರೋ ಹಿಂದೆ ಉಸ್ ಎಂದರು. ಅದು ಇದ್ದಿಲು ಅಲ್ಲವೇ, ನಾನು ಎರಡೂ ಕೈ ಹಾಕಿ ತಡಕಿದೆ. ಗಟ್ಟಿಯಾದದ್ದು ಸಿಕ್ಕಿತು, ಮೊದಲಿಗಿಂತ ಸಣ್ಣದಾಗಿ, ತೂಕವಾಗಿ, ತಣ್ಣಗೆ. ಎತ್ತಿ ಬಾಯಿಂದ ಊದಿದೆ. ಇದ್ದಿಲ ಪುಡಿ ಹಾರಿತು, ಬೆಳಗಿನ ಬಿಸಿಲು ಅದರ ಮೇಲೆ ಬಿತ್ತು. ಆಗ ತಾನೇ ಹುಟ್ಟಿದ ಕೂಸಿನ ಅಂಗಾಲಿನ ಬಣ್ಣ. ಕಣ್ಣಿಗೆ ಹಿಡಿದರೆ ಒಂದೊಂದು ತೂತಿನ ಆಚೆಗೂ ಒಂದೊಂದು ಚೂರು ಆಕಾಶ. ನನ್ನ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಠಣ್ ಎಂದಿತು. ಆ ದನಿ ನಮ್ಮೂರಿನಲ್ಲಿ ಹಿಂದೆ ಯಾರೂ ಕೇಳಿರದ ದನಿ, ಇಲ್ಲಿಯ ಬೆಂಕಿಯಲ್ಲಿ ಹುಟ್ಟಿದ ತಾಮ್ರದ ದನಿ. ಚನ್ನವೀರಪ್ಪ ಅದನ್ನು ಕೈಯಲ್ಲಿ ತೆಗೆದುಕೊಂಡು, ಸಾಲಾಗಿ ಎಲ್ಲರ ಕೈಗೂ ಕೊಟ್ಟ. ಅಕ್ಕಾವ್ರ ಕೈಗೆ ಬಂದಾಗ ಅವರು ಕಣ್ಣಿಗೊತ್ತಿಕೊಂಡು ತಮ್ಮ ಮಾತಿನಲ್ಲಿ ಏನೋ ಪ್ರಾರ್ಥಿಸಿದರು. ನಮ್ಮ ತಾಮ್ರಕ್ಕೆ ಅದೂ ತಿಳಿದಿರಬೇಕು.

ಹಂಡೆಯ ತಳಕ್ಕೆ ಅದನ್ನು ಕೂರಿಸಿ, ಅಂಚಿಗೆ ನಮ್ಮ ಹಳೆಯ ಗೆಳೆಯ ತವರವನ್ನೇ ಹರಿಸಿದೆ. ಹುಣ್ಣಿಮೆಯ ದಿನ ಹೊತ್ತು ಮೂಡುವ ಮೊದಲೇ ದಾರಿಯ ತುಂಬ ಜನ, ತಲೆಯ ಮೇಲೆ ಗಂಟು, ಕೈಯಲ್ಲಿ ದವನದ ಕಂತೆ. ಅಡವೆವ್ವನನ್ನು ಹಿಡಿದು ತಂದು ಒಲೆಯ ಮುಂದೆ ಕೂರಿಸಿದರು. ಹಚ್ಚುವುದು ಅವಳದೇ ಕೈ. ಉರಿ ಎದ್ದಿತು, ಗೇಣೇ. ಆದರೆ ಆ ಗೇಣು ಉರಿ ಗುಂಡಿಗೆಯ ತೂತುಗಳನ್ನು ಹೊಕ್ಕು, ದಾರಿ ಬಲ್ಲವನಂತೆ ಸುತ್ತಿ ಸುತ್ತಿ ಮೇಲೇರಿತು. ನಡುವಿನ ಕೊಳವೆಯ ಬಾಯಿಗೆ ನಾನು ಅಂಗೈ ಹಿಡಿದೆ. ಬಂದ ಉಸಿರು ತಣ್ಣಗಿತ್ತು, ಬಿಸಿಯನ್ನೆಲ್ಲ ನೀರಿಗೆ ಕೊಟ್ಟು ಬಂದಿತ್ತು. ಅಕ್ಕಿ ತೊಳೆಯುತ್ತಿದ್ದ ಹೆಂಗಸರು ಇನ್ನೂ ಎರಡನೆಯ ನೀರು ಚೆಲ್ಲಿರಲಿಲ್ಲ, ಹಂಡೆಯೊಳಗೆ ಗುಳುಗುಳು ಸಪ್ಪಳ ಶುರುವಾಯಿತು. ‘ಅಯ್ಯ ಯವ್ವಾ, ಎಸರು ಕುದಿಯಾಕತ್ತೈತಿ, ಅಕ್ಕಿ ಎಲ್ಲೈತ್ರೇ,’ ಎಂದು ಅಡವೆವ್ವ ಗದರಿಸಿದಳು. ಎಷ್ಟೋ ತಿಂಗಳಾಗಿತ್ತು ಅವಳ ಗದರಿಕೆ ಕೇಳಿ. ಬೈಸಿಕೊಂಡವರು ನಗುತ್ತ ಓಡಿದರು.

ಅವತ್ತು ಅನ್ನ ನಮ್ಮನ್ನು ಕಾಯಿತು, ನಾವು ಅನ್ನವನ್ನು ಕಾಯಲಿಲ್ಲ. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು, ಪರದೆ ಸರಿಯಿತು, ಮುಚ್ಚಿತು, ಮತ್ತೆ ಸರಿಯಿತು. ಚನ್ನವೀರಪ್ಪ ದಾರಿಗೆ ಹೋಗಿ ನಿಂತು ಲಾರಿಯವರನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಉಂಡು ಹೋಗ್ರೋ ಎಂದು ಎಳೆದು ತಂದ. ಚಕ್ಕುಲಿಯ ಮಾತಾಡಿದ್ದವನೂ ಅವರಲ್ಲಿದ್ದ. ಮೂರು ಸಲ ತಾಟು ಸರಿಸಿದನೆಂದು ಬಡಿಸುವವರು ಹೇಳಲಿಲ್ಲ, ಅವನೇ ಹೊರಗೆ ಬಂದು ಹೇಳಿಕೊಂಡ. ಕೊನೆಯ ಅತಿಥಿ ಕೈ ತೊಳೆದಾಗ ಹೊತ್ತು ಆಗಷ್ಟೇ ನೆತ್ತಿ ದಾಟಿತ್ತು. ಉಣ್ಣದೆ ಹೋದವರು ಒಬ್ಬರೂ ಇಲ್ಲ. ಪಡಸಾಲೆ ಬರಿದಾಯಿತು.

ಆಗ ಎಲ್ಲರೂ ಅಡವೆವ್ವನ ಕಡೆ ನೋಡಿದೆವು. ಇಷ್ಟು ವರ್ಷ ಅವಳು ಉಣ್ಣುತ್ತಿದ್ದುದು ಒಲೆಯ ಮೂಲೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ. ಚನ್ನವೀರಪ್ಪ ಪಡಸಾಲೆಯಲ್ಲಿ, ಅತಿಥಿಗಳ ಸಾಲಿನ ಮೊದಲ ಜಾಗದಲ್ಲಿ ಮಣೆ ಹಾಕಿದ. ಅವಳು ಬೇಡ ಅಂದಳು, ನಾಚಿಕೊಂಡಳು, ಕೊನೆಗೆ ಕುಳಿತಳು. ಅಕ್ಕಾವ್ರು ಬಡಿಸಿದರು. ಬಿಸಿ ಅನ್ನ, ಸಾರು, ಒಂದು ಚಮಚ ತುಪ್ಪ. ಊರಿನ ಕಣ್ಣೆಲ್ಲ ಅವಳ ಕೈಯ ಮೇಲೆ, ತುತ್ತು ಯಾವಾಗ ಏಳುತ್ತದೆಂದು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ನನಗೆ ತಿಳಿಯಿತು. ಎದ್ದು ಹೋಗಿ ಪರದೆ ಎಳೆದೆ.

ನಾವೆಲ್ಲ ಈಚೆ ಕುಳಿತೆವು. ಒಲೆಯಲ್ಲಿ ಬೆಂಕಿ ಒಂದು ಗೇಣು ಎದ್ದು ತೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಕೆಳಗಿನಿಂದ, ಬಳೆಯ ಸಪ್ಪಳದ ಜೊತೆ, ಬರಿದಾದ ತಾಟು ಈಚೆಗೆ ಸರಿದು ಬಂತು.